ಸತ್ಯಾಂಶ: ಇಳಿಜಾರು ಛಾವಣಿ ಸೋರುವುದೇ ಇಲ್ಲವೇ?

"ತಾರಸಿ ಸೋರಿಯೇ ಸೋರುತ್ತದೆ, ಇಳಿಜಾರು ಛಾವಣಿ ಎಂದಿಗೂ ಸೋರುವುದಿಲ್ಲ" ಎಂಬ ಸಂದೇಶ ಮನೆ ಕಟ್ಟಿಸುವವರ ನಡುವೆ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಇದನ್ನು ನಂಬಿ ಹಣ ಸುರಿಯುವವರ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ.

ಸರಿಯಾಗಿ ಕಟ್ಟಿದ ತಾರಸಿ ಪೂರ್ತಿ ಸಮತಟ್ಟಾಗಿರುವುದಿಲ್ಲ. ಮಳೆನೀರು ಕೊಳವೆಯತ್ತ ಹರಿಯಲೆಂದು ಅದಕ್ಕೆ ಸಣ್ಣ ವಾಟವನ್ನು, ಉದಾಹರಣೆಗೆ 10 ಅಡಿ ಉದ್ದಕ್ಕೆ ಸುಮಾರು ಒಂದೂವರೆ ಇಂಚಿನಷ್ಟು ಇಳಿತವನ್ನು, ಕೊಟ್ಟಿರುತ್ತಾರೆ. ವಾಟ ತಪ್ಪಿ ನೀರು ನಿಂತಾಗ, ಅಥವಾ ತಾರಸಿಯ ಅಂಚಿನ ಗಿಡ್ಡ ಗೋಡೆಯ (ಪ್ಯಾರಾಪೆಟ್) ಬುಡದಲ್ಲಿ ಕೂದಲೆಳೆಯಂಥ ಬಿರುಕು ಮೂಡಿದಾಗ ಸೋರಿಕೆ ಶುರುವಾಗುತ್ತದೆ.

ಇಳಿಜಾರು ಛಾವಣಿ ನೀರನ್ನು ಬೇಗ ಇಳಿಸುತ್ತದೆ ಎಂಬುದು ನಿಜ. ಆದರೆ ಹೆಂಚುಗಳು ಒಂದರ ಮೇಲೊಂದು ಹೊದ್ದು ಕುಳಿತಿರುತ್ತವೆಯೇ ಹೊರತು ಬೆಸೆದುಕೊಂಡಿರುವುದಿಲ್ಲವಾದ್ದರಿಂದ, ಇಳಿಜಾರು ಸಾಲದಿದ್ದರೆ ಗಾಳಿಯು ಮಳೆನೀರನ್ನು ಸಂದಿಯೊಳಗೆ ಮೇಲ್ಮುಖವಾಗಿ ನೂಕಬಲ್ಲದು. ಎರಡು ಇಳಿಜಾರುಗಳು ಕೂಡುವ ಕಣಿವೆ ಇನ್ನೂ ಸೂಕ್ಷ್ಮ ಜಾಗ. ಅಲ್ಲಿ ಒಣಗಿದ ಎಲೆಗಳು ಸೇರಿದರೂ ನೀರು ಕಟ್ಟಿಕೊಂಡು ಒಳಗಿಳಿಯುತ್ತದೆ. ಹಾಗೆ ಇಳಿದ ನೀರು ಮರದ ತೊಲೆಯ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ ಮೂಲ ಹುಡುಕುವುದು ಕಷ್ಟ.

ಬಿರುಗಾಳಿಯ ಪ್ರದೇಶದಲ್ಲಿ ಆಕಾರವೂ ಮುಖ್ಯ: ತ್ರಿಕೋನ ಗೋಡೆಯುಳ್ಳ ಎರಡು ಇಳಿಜಾರಿನ ಛಾವಣಿಗಿಂತ ನಾಲ್ಕೂ ಕಡೆ ಇಳಿಯುವ ಛಾವಣಿ ಸಾಮಾನ್ಯವಾಗಿ ಗಾಳಿಯ ಹೊಡೆತವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಮೇಲೆ ಓಡಾಡಲು, ಬಟ್ಟೆ ಒಣಗಿಸಲು ಜಾಗ ಬೇಕೆನ್ನುವವರಿಗೆ ತಾರಸಿಯೇ ಸೂಕ್ತ. ಆದರೆ ಅದರ ನೀರುನಿರೋಧಕ ಪದರವನ್ನು ಪ್ರತಿ ಮಳೆಗಾಲಕ್ಕೆ ಮುನ್ನ ಪರೀಕ್ಷಿಸಬೇಕಾಗುತ್ತದೆ.