ಕೌಂಟ್ ಏರಿದೆ, ಹಾರ ತನ್ನಿ

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000ದವರೆಗೆ ಬಿಳಿ ರಕ್ತಕಣಗಳಿರುತ್ತವೆ. ರಕ್ತದ ಕ್ಯಾನ್ಸರಾದ ಲುಕೇಮಿಯಾದಲ್ಲಿ ಈ ಕೌಂಟ್ ಲಕ್ಷ ದಾಟಿದಾಗ ವೈದ್ಯರು ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಮಾತನಾಡುತ್ತಾರೆ. ಅದೇ ಕಾಯಿಲೆಯ ಮೇಲೆ ಸಂಶೋಧನೆ ನಡೆಸುವ ವೈದ್ಯರ ಪ್ರಬಂಧಗಳ ಕೌಂಟ್ ಹೀಗೆ ಏರಿದರೆ ಮಾತ್ರ ಶಾಮಿಯಾನ ಹಾಕಿಸಿ, ಮೈಕು ಕಟ್ಟಿಸಿ, ಮೈಸೂರು ಪೇಟ ತೊಡಿಸಿ, ಏಲಕ್ಕಿ ಹಾರ ಹಾಕುವ ಪದ್ಧತಿ ನಮ್ಮಲ್ಲಿದೆ. ಕಳೆದ ತಿಂಗಳು ಅಂಥದೊಂದು ಸನ್ಮಾನಕ್ಕೆ ನಾನೂ ಹೋಗಿದ್ದೆ.

ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ‘ವಿಶ್ವದ ಶೇ 2ರ ವಿಜ್ಞಾನಿಗಳಲ್ಲಿ ನಮ್ಮೂರ ಹೆಮ್ಮೆ’ ಎಂದು ಬರೆಸಿ, ಅದರ ಕೆಳಗೆ ಮೂರು ಸಂಖ್ಯೆಗಳನ್ನು ಮುದ್ರಿಸಿದ್ದರು: ಪ್ರಬಂಧಗಳೆಷ್ಟು, ಸೈಟೇಶನ್ (ಪ್ರಬಂಧಗಳಲ್ಲಿ ಬಂದ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಎಚ್-ಇಂಡೆಕ್ಸ್ 41 ಎಂದಿತ್ತು. ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಮೇಷ್ಟ್ರು ಹಾಗೆಂದರೇನೆಂದು ಕೇಳಿದರು. ಇವರ 41 ಪ್ರಬಂಧಗಳು ತಲಾ ಕನಿಷ್ಠ 41 ಸಲ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಗೊಂಡಿವೆ ಎಂದರ್ಥ ಎಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ‘ಸರಿ, ಓದಿದವರು ಎಷ್ಟು ಜನ?’ ಎಂದರು. ಅದನ್ನು ಎಣಿಸುವ ಇಂಡೆಕ್ಸನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಎಚ್-ಇಂಡೆಕ್ಸನ್ನು 2005ರಲ್ಲಿ ಹುಟ್ಟುಹಾಕಿದ ಹೋರ್ಹೆ ಹಿರ್ಶ್ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ. ರಕ್ತಕ್ಕೂ ಅವರಿಗೂ ಸಂಬಂಧವಿಲ್ಲ. ಭೌತವಿಜ್ಞಾನದಲ್ಲಿ ಖಾಯಂ ಹುದ್ದೆಗೆ 12, ಪೂರ್ಣ ಪ್ರಾಧ್ಯಾಪಕತ್ವಕ್ಕೆ 18 ಇರಬಹುದೆಂದು ಅವರು ಅಂದಾಜು ಹೇಳಿದ್ದರು. 2020ರ ಹೊತ್ತಿಗೆ ಅವರೇ ಈ ಅಳತೆಗೋಲಿನಿಂದ ತಾವೆಣಿಸದ ಕೆಟ್ಟ ಪರಿಣಾಮಗಳೂ ಆಗಬಹುದೆಂದು ಬರೆದರು. ಆದರೆ ಹೆತ್ತವರ ಮಾತನ್ನು ಕೇಳುವ ವಯಸ್ಸನ್ನು ಆ ಕೂಸು ಅಷ್ಟರಲ್ಲಿ ದಾಟಿತ್ತು. ಶೇ 2ರ ಪಟ್ಟಿಯ ಕಥೆ ಇನ್ನೂ ಸೊಗಸಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೇ ಅಂಚೆಯಲ್ಲಿ ಪ್ರಶಸ್ತಿ ಕಳಿಸಿತೆಂಬಂತೆ ನಮ್ಮ ಫ್ಲೆಕ್ಸುಗಳು ಸಾರುತ್ತವೆ; ಅದು ಅಲ್ಲಿನ ಪ್ರಾಧ್ಯಾಪಕ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ಪ್ರಬಂಧಗಳ ದಾಖಲೆಕೋಶದ ದತ್ತಾಂಶದಿಂದ ತಯಾರಿಸಿ ಪ್ರಕಟಿಸುವ ಒಂದು ಕೋಷ್ಟಕ. ಇದೇ ಇಯೊನಿಡಿಸ್ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಂಗಡಿಗರೊಂದಿಗೆ ಬರೆಯುತ್ತಾ, ಯಾವುದಾದರೊಂದು ವರ್ಷದಲ್ಲಿ 72ಕ್ಕಿಂತ ಹೆಚ್ಚು ಪ್ರಬಂಧಗಳನ್ನು, ಅಂದರೆ ಐದು ದಿನಕ್ಕೊಂದರಂತೆ, ಪ್ರಕಟಿಸಿದ 9,000ಕ್ಕೂ ಹೆಚ್ಚು ಹೆಸರುಗಳನ್ನು ಪತ್ತೆ ಹಚ್ಚಿ ಹುಬ್ಬೇರಿಸಿದ್ದರು. ಅವರಲ್ಲಿ ಬಹುಪಾಲು ಜನ ನೂರಾರು ಮಂದಿ ಒಟ್ಟಾಗಿ ಸಹಿ ಹಾಕುವ ಭೌತವಿಜ್ಞಾನಿಗಳು, ಆ ಮಾತು ಬೇರೆ.

ಐದು ದಿನವೆಂದರೆ ಎಷ್ಟೆಂಬುದನ್ನು ಲುಕೇಮಿಯಾ ವಾರ್ಡಿನಲ್ಲಿ ನಿಂತು ಅಳೆಯಬೇಕು. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ಎಂಬ ವೇಗವಾಗಿ ಉಲ್ಬಣಿಸುವ ಬಗೆಗೆ ಕೊಡುವ ಮೊದಲ ಸುತ್ತಿನ ಕೀಮೋಥೆರಪಿಯನ್ನು ವೈದ್ಯರು ‘ಸೆವೆನ್ ಪ್ಲಸ್ ತ್ರೀ’ ಎನ್ನುತ್ತಾರೆ. ಏಳು ದಿನ ಸೈಟರಬಿನ್ ಎಂಬ ಔಷಧ ಹನಿಯುತ್ತಿರುತ್ತದೆ, ಅದರಲ್ಲಿ ಮೂರು ದಿನ ಇನ್ನೊಂದು ಔಷಧವೂ ಜೊತೆಗೂಡುತ್ತದೆ. ರೋಗಿಯ ಕೈಯಿಂದ ಆ ಡ್ರಿಪ್ ತೆಗೆಯುವ ಮೊದಲೇ ಇಂಥ ಸಂಶೋಧಕರ ಒಂದು ಪ್ರಬಂಧ ಹೊರಬಿದ್ದಿರುತ್ತದೆ. ಬಳಿಕ ಅಸ್ಥಿಮಜ್ಜೆ ಚೇತರಿಸಿಕೊಳ್ಳಲು ಮೂರು ನಾಲ್ಕು ವಾರ ಹಿಡಿಯುವುದರಿಂದ, ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವಷ್ಟರಲ್ಲಿ ಇನ್ನೂ ನಾಲ್ಕೈದು ಬಂದಿರುತ್ತವೆ.

ಇಷ್ಟೊಂದು ಸೈಟೇಶನ್ ಎಲ್ಲಿಂದ ಬರುತ್ತದೆ ಎಂದು ಮೇಷ್ಟ್ರು ಕೇಳಿದಾಗ, ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರನ್ನು ನೆನಪಿಸಿಕೊಳ್ಳಿ ಎಂದೆ. ನಿಮ್ಮ ಮಗಳ ಮದುವೆಗೆ ನಾನು ಐನೂರು ಬರೆಸಿದ್ದರೆ, ನನ್ನ ಮಗನ ಮದುವೆಗೆ ನೀವು ಐನೂರಕ್ಕೆ ಕಡಿಮೆ ಬರೆಸುವಂತಿಲ್ಲ. ಪುಸ್ತಕ ತೆಗೆದು ನೋಡುವವರು ಮನೆಮನೆಯಲ್ಲೂ ಇದ್ದಾರೆ. ಪ್ರಬಂಧದ ಕೊನೆಯ ಉಲ್ಲೇಖಗಳ ಪಟ್ಟಿಯೂ ಕೆಲವು ಕಡೆ ಇದೇ ಮುಯ್ಯಿ ಪುಸ್ತಕ. ತನ್ನ ಮದುವೆಗೆ ತಾನೇ ಮುಯ್ಯಿ ಬರೆಸಿಕೊಳ್ಳುವ ಸೌಲಭ್ಯವೂ ಇಲ್ಲಿದೆ, ಅದಕ್ಕೆ ಸೆಲ್ಫ್ ಸೈಟೇಶನ್ ಎಂದು ಹೆಸರು. ಮುಯ್ಯಿ ಪಡೆಯಲು ಮನುಷ್ಯರೇ ಆಗಿರಬೇಕೆಂದೂ ಇಲ್ಲ: 2024ರಲ್ಲಿ ರೀಸ್ ರಿಚರ್ಡ್‌ಸನ್ ಮತ್ತು ನಿಕ್ ವೈಸ್ ಎಂಬ ಇಬ್ಬರು ಸಂಶೋಧಕರು ರಿಚರ್ಡ್‌ಸನ್ನರ ಅಜ್ಜಿಯ ಬೆಕ್ಕು ಲ್ಯಾರಿಯ ಹೆಸರಿನಲ್ಲಿ ಅರ್ಥವಿಲ್ಲದ ಪ್ರಬಂಧಗಳನ್ನು ಸೃಷ್ಟಿಸಿ, ಅವನ್ನು ಉಲ್ಲೇಖಿಸುವ ಇನ್ನಷ್ಟು ಪ್ರಬಂಧಗಳನ್ನೂ ಸೃಷ್ಟಿಸಿ, ಗೂಗಲ್ ಸ್ಕಾಲರಿನಲ್ಲಿ ಅದನ್ನು ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಿತ ಬೆಕ್ಕನ್ನಾಗಿ ಮಾಡಿ ತೋರಿಸಿದರು. ಲ್ಯಾರಿಗೆ ಇನ್ನೂ ಯಾರೂ ಏಲಕ್ಕಿ ಹಾರ ಹಾಕದಿರುವುದು ಅದು ನಮ್ಮ ಜಿಲ್ಲೆಯದಲ್ಲ ಎಂಬ ಒಂದೇ ಕಾರಣಕ್ಕೆ ಇರಬೇಕು.

ಲೇಖಕರ ಹೆಸರುಗಳ ಸಾಲಂತೂ ಲಗ್ನಪತ್ರಿಕೆಯ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಭಾಗವನ್ನೇ ಹೋಲುತ್ತದೆ. ಒಂದು ಹೆಸರು ಬಿಟ್ಟರೆ ಊರೆಲ್ಲ ಮುನಿಸು. ವೈದ್ಯಕೀಯ ಅಧ್ಯಾಪಕರ ಬಡ್ತಿಗೆ ಮೊದಲ ಇಬ್ಬರು ಲೇಖಕರನ್ನು ಮಾತ್ರ ಪರಿಗಣಿಸಲಾಗುವುದೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2015ರಲ್ಲಿ ಹೇಳಿತು. 2017ರಲ್ಲಿ ಮೊದಲ ಲೇಖಕ ಇಲ್ಲವೇ ಪತ್ರವ್ಯವಹಾರದ ಲೇಖಕ ಎಂದು ತಿದ್ದಿತು. ನಿಯಮ ಬದಲಾದಂತೆಲ್ಲ ಪಂಕ್ತಿಯಲ್ಲಿ ಎಲೆ ಹಾಕುವ ಜಾಗ ಬದಲಾಯಿತೇ ಹೊರತು ಅಡುಗೆ ಬದಲಾಗಲಿಲ್ಲ.

ಇನ್ನು ಈ ಸಂಖ್ಯೆಗಳ ಕಣ್ಣಿಗೆ ಬೀಳದವರ ವಿಷಯ. ಅಮೆರಿಕದ ತಳಿವಿಜ್ಞಾನಿ ಜಾನೆಟ್ ರೌಲಿ ಶಿಕಾಗೋದ ತಮ್ಮ ಮನೆಯ ಊಟದ ಮೇಜಿನ ಮೇಲೆ ಕ್ರೋಮೋಸೋಮುಗಳ ಫೋಟೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದಾಗ, ಅಮ್ಮ ಕಾಗದದ ಗೊಂಬೆಗಳ ಆಟ ಆಡುತ್ತಿದ್ದಾಳೆಂದು ಮಕ್ಕಳು ಹಾಸ್ಯ ಮಾಡುತ್ತಿದ್ದರಂತೆ. ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾದಲ್ಲಿ 9ನೆಯ ಮತ್ತು 22ನೆಯ ಕ್ರೋಮೋಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು ಅವರು 1973ರಲ್ಲಿ ‘ನೇಚರ್’ನಲ್ಲಿ ಬರೆದರು. ಈ ಕಾಯಿಲೆಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ನುಂಗಿ ಇಂದು ವರ್ಷಾನುಗಟ್ಟಲೆ ಬದುಕುತ್ತಿರುವವರ ದಾರಿ ಆ ಮೇಜಿನ ಮೇಲಿಂದಲೇ ಹಾದುಹೋಗಿದೆ. ಆ ಪ್ರಬಂಧಕ್ಕಿದ್ದದ್ದು ಒಬ್ಬರೇ ಲೇಖಕರು. ಇಂದಿನ ಆಯ್ಕೆ ಸಮಿತಿ ಬಯೋಡೇಟಾ ತಿರುವಿ, ಇವರಿಗೆ ಕೂಡಿ ಕೆಲಸ ಮಾಡುವ ಮನೋಭಾವ ಕಡಿಮೆಯೆಂದು ಷರಾ ಬರೆದು, ಕತ್ತರಿ ಖರೀದಿಯ ರಸೀದಿ ಲಗತ್ತಿಸಿಲ್ಲವೆಂದು ಕಡತ ಹಿಂತಿರುಗಿಸುತ್ತಿತ್ತು.

ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಸ್ಥಿತಿ ಇದಕ್ಕಿಂತ ವಿಚಿತ್ರ. ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ಸಿಗದೆ ಲೆಡರ್ಲೆ ಔಷಧ ಕಂಪನಿಯ ಪ್ರಯೋಗಾಲಯ ಸೇರಿದ ಅವರ ತಂಡ ತಯಾರಿಸಿದ ಅಮೈನಾಪ್ಟರಿನ್ ಔಷಧವನ್ನು ಬಾಸ್ಟನ್ನಿನಲ್ಲಿ ವೈದ್ಯ ಸಿಡ್ನಿ ಫಾರ್ಬರ್ ಲುಕೇಮಿಯಾ ಪೀಡಿತ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. 1948ರ ಜೂನ್‌ನಲ್ಲಿ ಅದು ಪ್ರಕಟವಾದಾಗ ಐವರು ಲೇಖಕರಿದ್ದರು. ಸುಬ್ಬರಾವ್ ಆ ಐವರಲ್ಲಿರಲಿಲ್ಲ. ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ಹಾಗೆಂದು ಅವರಿಗೆ ಸೈಟೇಶನ್ ಕಡಿಮೆಯೆಂದು ಮರುಗಬೇಕಾಗಿಲ್ಲ: ರಂಜಕವನ್ನು ಅಳೆಯುವ ವಿಧಾನದ ಬಗ್ಗೆ 1925ರಲ್ಲಿ ಹಾರ್ವರ್ಡಿನ ಸಹೋದ್ಯೋಗಿ ಫಿಸ್ಕ್ ಜೊತೆ ಬರೆದ ಪ್ರಬಂಧವನ್ನು ಜಗತ್ತು ಸಾವಿರಾರು ಸಲ ಉಲ್ಲೇಖಿಸಿದೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಸಲ ಔಷಧ ತಾಗುವಂತೆ ಮಾಡಿದ ಕೆಲಸಕ್ಕೆ ಮುಯ್ಯಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಖಾಲಿ ಗೆರೆ, ರಂಜಕಕ್ಕೆ ಭರ್ತಿ ಪುಟ.

ಸನ್ಮಾನ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಸನ್ಮಾನಿತರ ಬಳಿ ಹೋದೆ. ಅವರ ಅತಿ ಹೆಚ್ಚು ಉಲ್ಲೇಖಿತ ಪ್ರಬಂಧದಲ್ಲಿ ಕಂಡುಕೊಂಡದ್ದೇನೆಂದು ವಿನಯದಿಂದ ವಿಚಾರಿಸಿದೆ. ಅವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ‘ಅದನ್ನು ನಮ್ಮ ಪಿಜಿ ಹುಡುಗ ಮಾಡಿದ್ದು, ಅವನನ್ನೇ ಕೇಳಿ, ಲ್ಯಾಬಿನಲ್ಲಿದ್ದಾನೆ’ ಎಂದು ಬಾಗಿಲು ತೋರಿಸಿದರು.

ಹುಡುಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಿದ್ದ. ಪಕ್ಕದಲ್ಲಿ ಯಂತ್ರದ ವರದಿಯಿತ್ತು, ಬಿಳಿ ರಕ್ತಕಣ 1,80,000. ಸಂಖ್ಯೆ ಸಿಕ್ಕಿತಲ್ಲ, ಇನ್ನೇನು ನೋಡುತ್ತಿದ್ದೀಯಪ್ಪ ಎಂದೆ. ‘ಬರೀ ಕೌಂಟ್ ನೋಡಿ ಏನು ಹೇಳೋಕಾಗುತ್ತೆ ಸರ್? ಇವುಗಳಲ್ಲಿ ಬಲಿತದ್ದು ಎಷ್ಟು, ಬಲಿಯದ ಬ್ಲಾಸ್ಟ್ ಎಷ್ಟು ಅಂತ ಒಂದೊಂದನ್ನೇ ನೋಡಬೇಕು’ ಎಂದ, ಕಣ್ಣು ತೆಗೆಯದೆ. ನೇರಳೆ ಬಣ್ಣ ಹಿಡಿದ ಸ್ಲೈಡನ್ನು ಬಲಗೈಯಿಂದ ಕೂದಲೆಳೆಯಷ್ಟು ಸರಿಸುತ್ತಾ, ಎಡಗೈಯಿಂದ ಎಣಿಕೆಯ ಗುಂಡಿಗಳನ್ನು ಒತ್ತುತ್ತಿದ್ದ. ಪ್ರಬಂಧದ ಮಾತೆತ್ತಿದೆ. ‘ಒಂದು ನಿಮಿಷ ಸರ್, ಇನ್ನೂ ಮೂವತ್ತೆಂಟು ಕಣ ಬಾಕಿ ಇವೆ’ ಎಂದ.