ಮಂಜು ನೋಡೋಕೂ ಟಿಕೆಟ್ಟು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಬಿಸಿಲು ನಂಬಿ ಅರ್ಧ ತೋಳಿನ ಅಂಗಿಯಲ್ಲಿ ಹತ್ತಿರದ ಬೆಟ್ಟದೂರು ಸಿಂತ್ರಾಕ್ಕೆ ಹೊರಡುವವರೇ ಹೆಚ್ಚು. ರೊಸಿಯೊ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ. ‘ಪೊರ್ತೆಲಾ ದ ಸಿಂತ್ರಾ’ ಎಂಬ ಬೋರ್ಡು ಕಂಡದ್ದೇ ತಡ, ಕೆಲವರು ಚೀಲ ಹೆಗಲಿಗೇರಿಸಿ ಇಳಿದೇಬಿಡುತ್ತಾರೆ. ಇಳಿಯಬೇಕಾದ್ದು ಅದರ ಮುಂದಿನದು, ಹಳಿಯೇ ಮುಗಿಯುವ ಕಡೇ ಸ್ಟೇಷನ್ನು.

ಊರು ಕೂತಿರುವುದು ಬೆಟ್ಟಸಾಲಿನ ಉತ್ತರದ ಮಗ್ಗುಲಲ್ಲಿ. ಅತಿ ಎತ್ತರದ ಕ್ರೂಜ್ ಆಲ್ತಾ ಶಿಖರವೂ 530 ಮೀಟರ್ ದಾಟುವುದಿಲ್ಲ. ಆದರೆ ಅಟ್ಲಾಂಟಿಕ್ ಕಡೆಯ ತೇವದ ಗಾಳಿಗೆ ಅಷ್ಟೇ ಸಾಕು. ಬೆಟ್ಟ ಅಡ್ಡ ಬಂತೆಂದು ಮೇಲೇರುತ್ತದೆ, ತಣ್ಣಗಾಗುತ್ತದೆ, ಮಂಜಾಗಿ ಅಲ್ಲೇ ಠಿಕಾಣಿ ಹೂಡುತ್ತದೆ. ಲಿಸ್ಬನ್ನಿನಲ್ಲಿ ಬೆವರು ಒರೆಸಿಕೊಂಡ ಕರ್ಚೀಫಿನಲ್ಲೇ ಇಲ್ಲಿ ಕನ್ನಡಕ ಒರೆಸಿಕೊಳ್ಳಬೇಕು. ಬೇಸಿಗೆ ಬಂತೆಂದರೆ ಪೋರ್ಚುಗಲ್ಲಿನ ದೊರೆಗಳು ಇಲ್ಲಿಗೆ ಓಡಿಬರುತ್ತಿದ್ದುದೂ ಈ ತಂಪಿಗೇ. ಜೊತೆಗೆ ಬೇಟೆಯ ಆಸೆ.

ಬೇಟೆಯ ಲೆಕ್ಕ ಊರ ನಡುವಿನ ಅರಮನೆಯ ಮೇಲೆಯೇ ನಿಂತಿದೆ: ಕಡಲೆಕಾಯಿ ಪೊಟ್ಟಣ ಬೋರಲು ಹಾಕಿದಂಥ ಎರಡು ಬಿಳಿ ಚಿಮಣಿ, ತಲಾ 33 ಮೀಟರ್. ಕಾರ್ಖಾನೆಯಲ್ಲ, ಬೇಟೆ ಬೇಯಿಸುತ್ತಿದ್ದ ಅಡುಗೆಮನೆ! ಒಳಗೆ ದೊರೆ ಆರನೇ ಅಫೋನ್ಸೊನನ್ನು ಕೂಡಿಹಾಕಿದ್ದ ಕೋಣೆಯೂ ಇದೆ. ತಮ್ಮನೇ ಅಧಿಕಾರ ಕಿತ್ತುಕೊಂಡಿದ್ದ. 1683ರಲ್ಲಿ ಆತ ಸತ್ತದ್ದೂ ಇಲ್ಲೇ. ಶತಪಥ ಹಾಕಿ ಹಾಕಿ ನೆಲ ಸವೆಸಿದ ಎನ್ನುತ್ತಾರೆ. ಎಲ್ಲ ರಾಜರಿಗೂ ಇದು ವಿಶ್ರಾಂತಿಧಾಮವಾಗಿರಲಿಲ್ಲ. 1547ರಲ್ಲಿ ವಿಜಯನಗರದೊಂದಿಗೆ ಒಪ್ಪಂದ ಮಾಡಿಕೊಂಡ ಗೋವೆಯ ಗವರ್ನರ್ ಜೊಆವ್ ದ ಕಾಸ್ತ್ರೊ ಕೂಡ ಸಿಂತ್ರಾದಲ್ಲಿ ತೋಟ ಮಾಡಿಕೊಂಡಿದ್ದ. ಪಾಪ, ಮರುವರ್ಷ ಗೋವೆಯಲ್ಲೇ ತೀರಿಕೊಂಡ.

ನಿಜವಾದ ಫಜೀತಿ ಪೇನಾ ಅರಮನೆಯದು. ಪಾಳುಬಿದ್ದ ಮಠವೊಂದನ್ನು 1838ರಲ್ಲಿ ಕೊಂಡು ದೊರೆ ಎರಡನೇ ಫೆರ್ನಾಂಡೊ ಬೆಟ್ಟದ ನೆತ್ತಿಯ ಮೇಲೆ ಕಟ್ಟಿಸಿದ್ದು. ಟಿಕೆಟ್ಟಿನ ಮೇಲಿನ ಹೊತ್ತು ಅರಮನೆಯ ಬಾಗಿಲಿನದು, ಉದ್ಯಾನದ ಗೇಟಿನದಲ್ಲ. ಗೇಟಿನಿಂದ ಬಾಗಿಲಿಗೆ ಅರ್ಧ ಗಂಟೆಯ ಏರು. ಹತ್ತೂವರೆಯ ಟಿಕೆಟ್ ಹಿಡಿದು ಹತ್ತು ಗಂಟೆಗೆ ಗೇಟಲ್ಲಿ ಸೆಲ್ಫಿ ತೆಗೆಯುತ್ತಾ ನಿಂತವರು ಆಮೇಲೆ ಏದುಸಿರು ಬಿಡುತ್ತಾ ಓಡುವುದನ್ನು ನೋಡಬೇಕು. ಅಷ್ಟು ಓಡಿ ತಲುಪಿದರೆ, ಕೆಂಪು ಹಳದಿ ಬಳಿದ ಆ ಅರಮನೆ ಮಂಜಿನಲ್ಲಿ ಮಾಯ. ತಡಕಿದರೆ ಗೋಡೆ ಸಿಗುತ್ತದೆ, ಅದೇ ಸಮಾಧಾನ.

ಇಳಿದು ಬಂದ ಮೇಲೆ ತ್ರವೆಸೈರೊ ತಿನ್ನಿ. ಹೆಸರಿಗೆ ಅರ್ಥ ದಿಂಬು; ಪದರ ಪದರ ಹಿಟ್ಟಿನೊಳಗೆ ಮೊಟ್ಟೆ, ಬಾದಾಮಿಯ ಹೂರಣ, ಮೇಲೆ ಸಕ್ಕರೆ. ಕಪ್ಪು ಸ್ವೆಟರ್ ಹಾಕಿಕೊಂಡಿದ್ದರೆ ಮಾತ್ರ ಮೊದಲು ಬಿಚ್ಚಿಡಿ.