ಕಾಲುಚೀಲದಲ್ಲಿ ಸೂಜಿ-ದಾರ

ಬಲಗಾಲಿನ ಕಾಲುಚೀಲದಲ್ಲಿ ಏನೋ ಇತ್ತು. ಕೈ ಹಾಕಿ ತಡಕಿದರೆ ಇಲ್ಲ. ನಡೆದರೆ ಇದೆ.

ಜೂನ್ ಕೊನೆ. ಅಮೆರಿಕದ ಕೊಲರಾಡೋದ ಬೌಲ್ಡರಿನಲ್ಲಿ ಮಗಳ ಮನೆ. ಬೆಳಗಿನ ವಾಕಿಂಗು ರಾಕಿ ಬೆಟ್ಟಗಳ ಬುಡದಲ್ಲಿ. ಮಂಡಿಯುದ್ದದ ಹುಲ್ಲು ಗಾಳಿಗೆ ಬೆಳ್ಳಿ ಕೂದಲಿನಂತೆ ವಾಲುತ್ತಿತ್ತು. ಫೋಟೋ ತೆಗೆಯೋಣ ಅಂತ ಎರಡು ಹೆಜ್ಜೆ ಒಳಗೆ ಹೋಗಿದ್ದೇ ತಪ್ಪು. ಮನೆ ಮೆಟ್ಟಿಲ ಮೇಲೆ ಕೂತು ಕಿತ್ತೆ. ಎರಡೂ ಕಾಲು ಸೇರಿ 41 ಬೀಜ.

ಅಲ್ಲಿಯವರು ಈ ಹುಲ್ಲನ್ನು ಸೂಜಿ-ದಾರದ ಹುಲ್ಲು ಅನ್ನುತ್ತಾರೆ. ಹೆಸರಿಟ್ಟವರೂ ಎಲ್ಲೋ ಮೆಟ್ಟಿಲ ಮೇಲೆ ಕೂತು ಕಿತ್ತವರೇ ಇರಬೇಕು. ಬೀಜದ ಒಂದು ತುದಿ ಸೂಜಿ. ಇನ್ನೊಂದು ತುದಿಗೆ ಅರ್ಧ ಗೇಣಿಗೂ ಉದ್ದದ, ಹುರಿಗೊಂಡ ಬಾಲ. ಎಳೆದರೆ ಬಾಲ ಕೈಗೆ ಬರುತ್ತದೆ, ಸೂಜಿ ಒಳಗೇ ಕೂರುತ್ತದೆ. ಊರಲ್ಲಿ ಗುಡ್ಡ ಹತ್ತಿ ಇಳಿದರೆ ಪಂಚೆ ತುಂಬ ಹುಲ್ಲುಮುಳ್ಳು ಇರುತ್ತಿತ್ತು ನಿಜ. ಅದಕ್ಕೆ ಇಷ್ಟು ಹಟ ಇರಲಿಲ್ಲ.

ಮೊಮ್ಮಗ ಬಂದು ಪಕ್ಕದಲ್ಲಿ ಕೂತ. ಅವನೆದುರು ದೊಡ್ಡಸ್ತಿಕೆ ತೋರಿಸುವ ಆಸೆ ಯಾರನ್ನು ಬಿಟ್ಟಿದೆ? ಅಡುಗೆಮನೆಯಲ್ಲಿ ಇವಳು ಕಲಸಿಟ್ಟ ಚಪಾತಿ ಹಿಟ್ಟಿನಿಂದ ಒಂದು ಉಂಡೆ ಎತ್ತಿಕೊಂಡು ಬಂದೆ. ಮೂರು ಸೂಜಿ ನೆಟ್ಟಗೆ ಚುಚ್ಚಿದೆ. ಚಮಚದಿಂದ ಬಾಲದ ಮೇಲೆ ನೀರು ಹನಿಸಿದೆ. ಒಂದು ನಿಮಿಷ ಏನೂ ಆಗಲಿಲ್ಲ. "ತಾತ, ಕೆಟ್ಟೋಗಿದೆ" ಅಂದ. ಆಮೇಲೆ ಒಂದು ಬಾಲ ಅಲುಗಿತು. ಹುರಿ ಬಿಚ್ಚುತ್ತಾ, ಮೇಲಿನ ಬಾಗಿದ ತುದಿ ಗಡಿಯಾರದ ಮುಳ್ಳಿನಂತೆ ಸುತ್ತತೊಡಗಿತು. ಬಿಸಿಲಿಗಿಟ್ಟರೆ ಒಣಗಿ ವಾಪಸ್. ಹೀಗೆ ತಿರುಗಿ ತಿರುಗಿ ಬೀಜ ತಾನೇ ಮಣ್ಣು ಕೊರೆದುಕೊಂಡು ಇಳಿಯುತ್ತದಂತೆ. ನನ್ನ ಕಾಲುಚೀಲವನ್ನು ಅದು ಮಣ್ಣು ಅಂದುಕೊಂಡಿತ್ತು, ಅಷ್ಟೇ. ನಾವು ನಾಲ್ಕು ಸಲ ನೆನೆಸಿದೆವು, ನಾಲ್ಕು ಸಲ ಒಣಗಿಸಿದೆವು. ಯಾವ ಬಾಲ ಮೊದಲು ಸುತ್ತು ಮುಗಿಸುತ್ತದೆ ಅಂತ ಪಂದ್ಯ ಕಟ್ಟಿ, ನಾನು ಎರಡು ಡಾಲರ್ ಸೋತೆ. ಹತ್ತೂವರೆ ಆಯಿತು. ತಿಂಡಿ ಆರಿತು.

ಅದೇ ಹೊತ್ತಿಗೆ ಅಳಿಯ ಲಾನಿಗೆ ನೀರು ಬಿಡುತ್ತಿದ್ದ. ದಿನವೂ ಬಿಡುತ್ತಾನೆ. ಬಿಡದಿದ್ದರೆ ಹಳದಿಯಾಗುತ್ತದೆ, ಹಳದಿಯಾದರೆ ಬಡಾವಣೆಯ ಸಂಘದಿಂದ ಕಾಗದ ಬರುತ್ತದೆ. ಹೋದ ವರ್ಷ ಹುಲ್ಲು ಜಾಸ್ತಿ ಉದ್ದ ಆಯಿತು ಅಂತಲೂ ಬಂದಿತ್ತು! ಆ ಲಾನಿನ ಹುಲ್ಲಿಗೆ ಅಮೆರಿಕದ್ದೇ ರಾಜ್ಯವಾದ ಕೆಂಟಕಿಯ ಹೆಸರು, ಬಂದಿದ್ದು ಯುರೋಪಿನಿಂದ. ಬೆಟ್ಟದ ಕಡೆಯದು ಅಲ್ಲಿಯದೇ ಹುಲ್ಲು. ಯಾರೂ ನೀರು ಹಾಕುವುದಿಲ್ಲ. ಹಿಮದಡಿ ಬಿದ್ದಿದ್ದು ವರ್ಷ ವರ್ಷ ಅದೇ ಬುಡದಿಂದ ಚಿಗುರುತ್ತದೆ. ಇದನ್ನೆಲ್ಲ ಅಳಿಯನಿಗೆ ಹೇಳಿದೆ. "ಹೌದು ಮಾವ" ಅಂದು ಪೈಪನ್ನು ಇನ್ನೊಂದು ಮೂಲೆಗೆ ತಿರುಗಿಸಿದ. ಒಳ್ಳೆಯ ಹುಡುಗ, ಆದರೆ ಅವತ್ತು ಮೈ ಉರಿಯಿತು.

ಇದರಲ್ಲಿ ಏನೋ ದೊಡ್ಡ ವಿಚಾರ ಇದೆ ಅನ್ನಿಸಿ, ಬರೆದಿಡಲು ಪೆನ್ನು ಹುಡುಕುತ್ತಿದ್ದೆ. ಒಳಗಿನಿಂದ ಕೂಗು ಬಂತು. "ರೀ, ಒಂದು ಉಂಡೆ ಕಡಿಮೆ ಇದೆಯಲ್ಲಾ?"

ಗಡಿಬಿಡಿಯಲ್ಲಿ ಸೂಜಿ ಕಿತ್ತು, ಉಂಡೆ ನಾದಿ, ಸುಮ್ನೆ ಡಬ್ಬಿಗೆ ಹಾಕಿದೆ. ಕೈಯಲ್ಲಿ ನೋಡಿದರೆ ಎರಡೇ ಸೂಜಿ.

ರಾತ್ರಿ ನಾನು ಅನ್ನ ಮಾತ್ರ ಉಂಡೆ.